ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ: ವರ್ಗೀಕರಣದಲ್ಲಿ ಕಾಲದ ಲೆಕ್ಕ

1992ರಲ್ಲಿ ಅಟ್ಲಾಂಟಾದಲ್ಲಿ ಸೇರಿದ್ದ ತಜ್ಞರು ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವನ್ನು ಸೌಮ್ಯ, ಗಂಭೀರ ಎಂದು ಎರಡೇ ಪಾಲು ಮಾಡಿದ್ದರು. ಗ್ರಂಥಿಯ ಪಕ್ಕದಲ್ಲಿ ಸೂಡೋಸಿಸ್ಟ್ (ಗೋಡೆ ಕಟ್ಟಿಕೊಂಡ ದ್ರವದ ಚೀಲ) ಇದ್ದು ಆರಾಮವಾಗಿ ಓಡಾಡುವವರೂ, ಶ್ವಾಸಕೋಶ ಸೋತು ವೆಂಟಿಲೇಟರ್ ಮೇಲಿರುವವರೂ ಅಲ್ಲಿ ಒಂದೇ ಗುಂಪಿಗೆ ಬೀಳುತ್ತಿದ್ದರು. 2012ರ ಪರಿಷ್ಕರಣೆ ಇವೆರಡರ ನಡುವೆ ‘ಮಧ್ಯಮ ಗಂಭೀರ’ ಎಂಬ ವರ್ಗವನ್ನು ತಂದಿತು. ಆದರೆ ಅದರ ನಿಜವಾದ ಹೊಸತನ ಕಾಲವನ್ನು ಅಳತೆಗೋಲಾಗಿಸಿದ್ದರಲ್ಲಿದೆ ಎಂಬುದು ಈ ಲೇಖನದ ವಾದ.

ರೋಗನಿರ್ಣಯದ ಸೂತ್ರ ಸರಳ. ಮೇಲ್ಹೊಟ್ಟೆಯಲ್ಲಿ ಹಠಾತ್ತನೆ ಎದ್ದು ಬೆನ್ನಿಗೆ ಹಬ್ಬುವ ನೋವು. ಸಾಮಾನ್ಯ ಮಿತಿಯ ಮೂರು ಪಟ್ಟಾದರೂ ಏರಿದ ಲೈಪೇಸ್ ಅಥವಾ ಅಮೈಲೇಸ್. ಸ್ಕ್ಯಾನಿನಲ್ಲಿ ಉರಿಯೂತದ ಲಕ್ಷಣ. ಮೂರರಲ್ಲಿ ಎರಡಿದ್ದರೆ ಸಾಕು. ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿರುವವರಲ್ಲಿ ಅಮೈಲೇಸ್ ಸಹಜ ಮಟ್ಟದಲ್ಲೇ ಕಂಡು ದಾರಿ ತಪ್ಪಿಸುವುದುಂಟು. ತಡವಾಗಿ ಬಂದವರಲ್ಲಿ ಅದು ಆಗಲೇ ಇಳಿದಿರಬಹುದು. ಲೈಪೇಸ್ ಹೆಚ್ಚು ದಿನ ಉಳಿಯುತ್ತದೆ. ಅಂಕಿ ಎಷ್ಟೇ ದೊಡ್ಡದಿರಲಿ, ಕಿಣ್ವದ ಮಟ್ಟ ರೋಗದ ಗಂಭೀರತೆಯನ್ನು ಹೇಳುವುದಿಲ್ಲ.

ಗಂಭೀರತೆಯನ್ನು ನಿರ್ಧರಿಸುವುದು 48 ಗಂಟೆಗಳ ಗಡಿ. ಅಂಗಗಳ ಸ್ಥಿತಿಯನ್ನು ಅಳೆಯುವ ಪರಿಷ್ಕೃತ ಮಾರ್ಷಲ್ ಅಂಕದಲ್ಲಿ ಉಸಿರಾಟ, ರಕ್ತಪರಿಚಲನೆ, ಮೂತ್ರಪಿಂಡ ಇವುಗಳಲ್ಲಿ ಯಾವುದಾದರೂ ಒಂದಕ್ಕೆ 2 ಅಥವಾ ಹೆಚ್ಚು ಬಂದರೆ ಅಂಗವೈಫಲ್ಯ. ಅದು 48 ಗಂಟೆಯೊಳಗೆ ಸರಿಹೋದರೆ ಮಧ್ಯಮ, ಮೀರಿ ಉಳಿದರೆ ಗಂಭೀರ. ಅಂದರೆ, ದಾಖಲಾದ ದಿನ ವೈದ್ಯರು ಬರೆಯುವ ವರ್ಗ ಊಹೆಯಷ್ಟೇ.

ಎರಡನೆಯ ಗಡಿ ನಾಲ್ಕು ವಾರ. ಗ್ರಂಥಿ ಬರೀ ಊದಿಕೊಂಡಿದ್ದಾಗ ಸುತ್ತ ನಿಲ್ಲುವ ದ್ರವ ಬಹುಪಾಲು ತಾನಾಗಿಯೇ ಇಂಗುತ್ತದೆ. ನಾಲ್ಕು ವಾರ ದಾಟಿ ಗೋಡೆ ಕಟ್ಟಿಕೊಂಡರೆ ಮಾತ್ರ ಅದು ಸೂಡೋಸಿಸ್ಟ್. ಅಂಗಾಂಶ ಸತ್ತಿದ್ದರೆ ದ್ರವದಲ್ಲಿ ಘನ ತುಣುಕುಗಳೂ ಇರುತ್ತವೆ. ಇದಕ್ಕೆ ಗೋಡೆ ಬಂದಾಗಿನ ಹೆಸರು ‘ವಾಲ್ಡ್ ಆಫ್ ನೆಕ್ರೋಸಿಸ್’. ಈ ಎರಡನ್ನೂ ಸೂಡೋಸಿಸ್ಟ್ ಎಂದು ವರದಿ ಮಾಡುವ ಚಾಳಿ ಇನ್ನೂ ಹೋಗಿಲ್ಲ. ಇದು ಬರಿಯ ಹೆಸರಿನ ತಕರಾರಲ್ಲ: ತೆಳು ನಳಿಕೆ ದ್ರವವನ್ನು ಹೊರಹಾಕೀತು, ಸತ್ತ ಅಂಗಾಂಶದ ತುಣುಕುಗಳನ್ನಲ್ಲ. ಘನಾಂಶ ಗುರುತಿಸಲು ಸಿ.ಟಿ.ಗಿಂತ ಎಂ.ಆರ್.ಐ. ಮೇಲು. ಮೊದಲ ಒಂದೆರಡು ದಿನಗಳ ಸಿ.ಟಿ.ಯಂತೂ ನೆಕ್ರೋಸಿಸ್‌ನ ವ್ಯಾಪ್ತಿಯನ್ನು ಕಡಿಮೆಯಾಗಿ ತೋರಿಸಬಹುದು.

ಈ ಚೌಕಟ್ಟಿನ ದುರ್ಬಲ ಕೊಂಡಿ ಸೋಂಕು. ಅಂಗವೈಫಲ್ಯವಿಲ್ಲದ ಸೋಂಕಿತ ನೆಕ್ರೋಸಿಸ್ ಇಲ್ಲಿ ‘ಮಧ್ಯಮ’ದಲ್ಲೇ ಉಳಿಯುತ್ತದೆ. 2012ರಲ್ಲೇ ಬಂದ ಡಿಟರ್ಮಿನೆಂಟ್ ವರ್ಗೀಕರಣ ಅದನ್ನು ‘ಗಂಭೀರ’ಕ್ಕೆ ಏರಿಸಿ, ಸೋಂಕೂ ನಿರಂತರ ಅಂಗವೈಫಲ್ಯವೂ ಕೂಡಿದವರಿಗೆ ‘ಅತಿಗಂಭೀರ’ ಎಂಬ ನಾಲ್ಕನೆಯ ವರ್ಗವನ್ನಿಟ್ಟಿತು. ನನ್ನ ಒಲವು ಈ ವಿಷಯದಲ್ಲಿ ಅದರ ಕಡೆಗೆ. ಆದರೂ ಸೋಂಕು ಕಂಡ ಕೂಡಲೇ ಕೈಹಾಕಬೇಕೆಂದು ಇದರರ್ಥವಲ್ಲ. 2021ರಲ್ಲಿ ಪ್ರಕಟವಾದ ಡಚ್ ‘ಪಾಯಿಂಟರ್’ ಅಧ್ಯಯನದಲ್ಲಿ, ಗೋಡೆ ಕಟ್ಟುವವರೆಗೆ ಕಾಯ್ದ ಗುಂಪಿನ ಶೇ. 39 ರೋಗಿಗಳಿಗೆ ಆ್ಯಂಟಿಬಯಾಟಿಕ್ಕೇ ಸಾಕಾಯಿತು. ನಳಿಕೆ ಹಾಕುವ ಪ್ರಮೇಯವೇ ಬರಲಿಲ್ಲ.