ಮಣಲೇರ ಕೇಳಿ ಪಡೆದ ನಾಯಿ

ಘಾಟಬೋರಾಳದಲ್ಲಿ ಕೂತು, ಮೊಬೈಲಿನಲ್ಲಿ ಮಿನಿಯೇಚರ್ ಪೂಡಲ್ ನೋಡಿ ‘ತಗೊಳ್ಳೋಣ್ವಾ?’ ಅಂತ ಯೋಚಿಸ್ತಿದ್ದೀರಾ? ಮೊದಲು ಒಂದು ಹಳೇ ನಾಯಿಯ ಕಥೆ ಕೇಳಿ.

ಕ್ರಿ.ಶ. 949. ನಮ್ಮ ಭಾಗದ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಬೂತುಗನ ಜೊತೆ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಅಲ್ಲಿ ಹೋರಾಡಿದ ಮಣಲೇರ ಬಹುಮಾನವಾಗಿ ಕೇಳಿದ್ದು ಚಿನ್ನವಲ್ಲ, ಕಾಳಿ ಅನ್ನೋ ಬೇಟೆನಾಯಿ. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಅದರ ನೆನಪಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಪಾಪ ಅಂತ ಶಾಸನದಲ್ಲೇ ಇದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಪೂಡಲ್ ಕೂಡ ಬರೀ ಗೊಂಬೆಯಲ್ಲ. ಯುರೋಪಿನಲ್ಲಿ ಬೇಟೆಗಾರರು ಹೊಡೆದ ಬಾತುಗಳನ್ನು ನೀರಿನಿಂದ ಎತ್ತಿ ತರುತ್ತಿದ್ದ ನಾಯಿಯದೇ ಚಿಕ್ಕ ರೂಪ ಮಿನಿಯೇಚರ್. ಬುದ್ಧಿ ಚುರುಕು, ಓಡಾಟ, ಆಟ ಬೇಕೇ ಬೇಕು. ಗುಂಗುರು ಕೂದಲು ಉದುರೋದು ಕಡಿಮೆ, ಆದ್ರೆ ಬೆಳೀತಾನೇ ಇರುತ್ತೆ: ಬಾಚಬೇಕು, ಕತ್ತರಿಸಬೇಕು. ನಮ್ಮ ಬಿಸಿಲಲ್ಲಿ ನೆರಳು, ನೀರು ತಪ್ಪಬಾರದು. ಸುಮಾರು 12-15 ವರ್ಷದ ಹೊಣೆ.

ಕಾಳಿ ಸತ್ತ ಮೇಲೂ ಅದರ ಹೊಣೆಯನ್ನು ಕಲ್ಲಿನಲ್ಲಿ ಬರೆಸಿದರು. ನೀವು ನಿಮ್ಮ ನಾಯಿ ಬದುಕಿರೋವರೆಗೆ ಚೆನ್ನಾಗಿ ನೋಡ್ಕೊಳ್ಳಿ, ಸಾಕು.