ಪಕ್ಕದ ಮನೆಯವರ ಹೆಸರಿಟ್ಟ ಕಾಯಿಲೆ (ರೋಗಗಳ ಪ್ರಯಾಣ, ಭಾಗ 4)

ಪರಂಗಿ ಹಣ್ಣು ಗೊತ್ತಲ್ವಾ? ಪಪ್ಪಾಯಿ. ‘ಪರಂಗಿ’ ಅಂದ್ರೆ ಯುರೋಪಿನವನು. ಅಮೆರಿಕದ ಆ ಹಣ್ಣು ಪೋರ್ಚುಗೀಸರ ಹಡಗಲ್ಲಿ ಇಲ್ಲಿಗೆ ಬಂತು, ತಂದವರ ಹೆಸರೇ ಅದಕ್ಕೆ ಅಂಟಿಕೊಂಡಿತು. ಇದೇ ಪದ ಇನ್ನೊಂದಕ್ಕೂ ಅಂಟಿತ್ತು. 16ನೇ ಶತಮಾನದಲ್ಲಿ ಭಾವಮಿಶ್ರ ಬರೆದ ಆಯುರ್ವೇದ ಗ್ರಂಥ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ ಅಂತ ಒಂದು ಕಾಯಿಲೆ ಬರುತ್ತೆ. ಫಿರಂಗಿಯವರ ಸಂಗದಿಂದ ಬರುವಂಥದ್ದು ಅಂತ ಅವನೇ ಹೇಳ್ತಾನೆ. ಇವತ್ತು ನಾವು ಅದನ್ನ ಸಿಫಿಲಿಸ್ ಅಂತೀವಿ.

ಹೌದು, ಇವತ್ತಿನ ವಿಷಯ ಲೈಂಗಿಕ ರೋಗ. ಕ್ಲಾಸಲ್ಲಿ ಈ ಪಾಠ ಬಂದಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಗೋದು ಇದ್ದದ್ದೇ. ನಕ್ಕು ಮುಗಿಸಿ, ಮುಂದೆ ಓದಿ.

ಯುರೋಪಿನಲ್ಲಿ ಇದರ ಮೊದಲ ದೊಡ್ಡ ಹಾವಳಿ ದಾಖಲಾಗಿದ್ದು ಇಟಲಿಯಲ್ಲಿ. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೇ ಚಾರ್ಲ್ಸ್ ಅಲ್ಲಿಗೆ ದಂಡೆತ್ತಿ ಹೋದ, 1495ರ ಫೆಬ್ರವರಿಯಲ್ಲಿ ನೇಪಲ್ಸ್ ಹಿಡಿದ. ಅವನ ಸೈನ್ಯದಲ್ಲಿ ಫ್ರೆಂಚರ ಜೊತೆಗೆ ಸ್ವಿಸ್ಸರು ಮತ್ತು ಬೇರೆ ಕಡೆಯ ಕೂಲಿ ಸೈನಿಕರೂ ಇದ್ದರು. ಯುದ್ಧ ಮುಗಿಯಿತು, ಸಂಬಳ ನಿಂತಿತು, ಎಲ್ಲರೂ ಅವರವರ ಊರಿನ ದಾರಿ ಹಿಡಿದರು. ಮೈತುಂಬಾ ಹುಣ್ಣು ಬರಿಸೋ ಹೊಸ ರೋಗವೂ ಅವರ ಜೊತೆ ನಡೆಯಿತು. 1497ಕ್ಕೆಲ್ಲಾ ಅದು ಸ್ಕಾಟ್ಲೆಂಡ್ ಮುಟ್ಟಿತ್ತು! ಆ ವರ್ಷ ಎಡಿನ್‌ಬರೋ ಊರಿನವರು ರೋಗಿಗಳನ್ನ ದೋಣಿ ಹತ್ತಿಸಿ ಒಂದು ದ್ವೀಪಕ್ಕೆ ಕಳಿಸಲು ಆದೇಶ ಹೊರಡಿಸಿದರು.

ಅಷ್ಟು ಬೇಗ ಹೇಗೆ? ಇದರ ಗುಟ್ಟು ರೋಗದ ಸ್ವಭಾವದಲ್ಲೇ ಇದೆ. ಮೊದಲ ಹುಣ್ಣು ಸಾಮಾನ್ಯವಾಗಿ ನೋಯಲ್ಲ, ಕೆಲವು ವಾರದಲ್ಲಿ ತಾನಾಗೇ ಮಾಯುತ್ತೆ. ವಾಸಿಯಾಯ್ತು ಅಂತ ಆಸಾಮಿ ಮುಂದಿನ ಊರಿಗೆ ಹೊರಡ್ತಾನೆ. ರೋಗ ಒಳಗೇ ಇರುತ್ತೆ.

ಈಗ ಎರಡನೇ ಚಿತ್ರದ ನಕ್ಷೆ ನೋಡಿ. ಇಟಲಿಯವರು ಇದಕ್ಕೆ ‘ಫ್ರೆಂಚ್ ರೋಗ’ ಅಂದ್ರು. ಫ್ರೆಂಚರು ‘ನೇಪಲ್ಸ್ ರೋಗ’ ಅಂದ್ರು. ರಷ್ಯನ್ನರಿಗೆ ಇದು ‘ಪೋಲಿಷ್ ರೋಗ’, ಪೋಲೆಂಡಿನವರಿಗೆ ‘ಜರ್ಮನ್ ರೋಗ’. ಜಗತ್ತಿನಲ್ಲಿ ಯಾರೂ ‘ಇದು ನಮ್ಮದು’ ಅನ್ನಲಿಲ್ಲ ನೋಡಿ. ಆದರೆ ಇತಿಹಾಸಕಾರರಿಗೆ ಈ ಬೈಗುಳಗಳೇ ಬಾಣದ ಗುರುತು. ತಪ್ಪು ಯಾರದು ಅಂತ ಅವು ಹೇಳಲ್ಲ, ರೋಗ ಯಾವ ದಿಕ್ಕಿಂದ ಬಂತು ಅನ್ನೋದನ್ನ ಮಾತ್ರ ಒಂದು ಮಟ್ಟಿಗೆ ಹೇಳ್ತವೆ.

ನನಗೆ ಬಹಳ ಹಿಡಿಸಿದ್ದು ಜಪಾನಿನ ಕಥೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಜಪಾನಿನಲ್ಲಿ ಈ ರೋಗದ ದಾಖಲೆ ಸಿಗೋದು 1512ರಲ್ಲಿ. ಪೋರ್ಚುಗೀಸರು ಜಪಾನಿಗೆ ಕಾಲಿಟ್ಟಿದ್ದು ಮಾತ್ರ 1543ರಲ್ಲಿ. ಅಂದ್ರೆ ಪರಂಗಿಯವರಿಗಿಂತ 30 ವರ್ಷ ಮೊದಲೇ ‘ಪರಂಗಿ ರೋಗ’ ಅಲ್ಲಿತ್ತು! ಹಾಗಾದ್ರೆ ಒಯ್ದವರು ಯಾರು? ಏಷ್ಯಾದ ಸಮುದ್ರಗಳಲ್ಲಿ ಮೊದಲಿಂದಲೂ ಓಡಾಡ್ತಿದ್ದ ನಮ್ಮ ಏಷ್ಯಾದ ವ್ಯಾಪಾರಿಗಳು, ನಾವಿಕರೇ ಇರಬೇಕು. ಚೀನಾದಲ್ಲಿ ಅದನ್ನ ‘ಗ್ವಾಂಗ್‌ಡಾಂಗ್ ಹುಣ್ಣು’ ಅಂದ್ರು, ಜಪಾನಿನಲ್ಲಿ ‘ಚೀನಾ ಹುಣ್ಣು’. ಮತ್ತದೇ ಬಾಣ.

ಮದ್ದಿಗೂ ಒಂದು ದಾರಿ ಇತ್ತು. ಚೀನಾದಿಂದ ಬಂದ ಒಂದು ಬೇರು ಇದಕ್ಕೆ ಒಳ್ಳೇದು ಅಂತ ಗೋವಾದಲ್ಲಿ ಹೆಸರಾಯ್ತು. ಅಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ 1563ರ ಪುಸ್ತಕದಲ್ಲಿ ಅದರ ಬಗ್ಗೆ ಬರೆದಿದ್ದಾನೆ. ಗ್ರಂಧಿಗೆ ಅಂಗಡಿಯಲ್ಲಿ ಅದರ ಹೆಸರು ಪರಂಗಿ ಚಕ್ಕೆ.

19ನೇ ಶತಮಾನಕ್ಕೆ ಬಂದ್ರೆ ನಗು ನಿಲ್ಲುತ್ತೆ. ಬ್ರಿಟಿಷ್ ಸೈನಿಕರಲ್ಲಿ ಈ ರೋಗ ಹೆಚ್ಚಾದಾಗ ಸರ್ಕಾರ ಜಾಡು ಹಿಡಿಯೋಕೆ ಹೊರಟಿದ್ದು ಬರೀ ಹೆಂಗಸರದ್ದು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದವು. ದಂಡು ಪ್ರದೇಶದ ವೇಶ್ಯೆಯರ ಹೆಸರು ರಿಜಿಸ್ಟರಿಗೆ ಸೇರಬೇಕು, ಆಗಾಗ ತಪಾಸಣೆಗೆ ಬರಬೇಕು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ಕೂಡಿಹಾಕ್ತಿದ್ರು. ನಮ್ಮ ಬೆಂಗಳೂರು ದಂಡಿನಲ್ಲೂ ಒಂದು ಇತ್ತು. ಸೈನಿಕರಿಗೆ ಅಂಥ ರಿಜಿಸ್ಟರ್ ಇರಲಿಲ್ಲ. ಅರ್ಧ ಸರಪಳಿಯನ್ನ ಮಾತ್ರ ಹುಡುಕಿದ್ರೆ ರೋಗ ನಿಲ್ಲುತ್ತಾ? ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮತ್ತಿತರರು ಇಂಥ ಕಾಯ್ದೆಗಳ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಅಲ್ಲಿನ ಕಾಯ್ದೆ 1886ರಲ್ಲಿ, ಇಲ್ಲಿಯದು 1888ರಲ್ಲಿ ರದ್ದಾಯಿತು.

ಬೇರೆ ರೀತಿಯೂ ಸಾಧ್ಯ ಅಂತ ತೋರಿಸಿದ್ದು 1924ರ ಬ್ರಸೆಲ್ಸ್ ಒಪ್ಪಂದ. ಅದಕ್ಕೆ ಸಹಿ ಹಾಕಿದ ದೇಶಗಳ ದೊಡ್ಡ ಬಂದರುಗಳಲ್ಲಿ ಯಾವ ದೇಶದ ನಾವಿಕ ಬಂದರೂ ಲೈಂಗಿಕ ರೋಗಕ್ಕೆ ಉಚಿತ ಚಿಕಿತ್ಸೆ. ಚಿಕಿತ್ಸೆಯ ವಿವರ ಇರುವ ಚೀಟಿ ಅವನ ಕೈಯಲ್ಲೇ, ಮುಂದಿನ ಬಂದರಿನ ಡಾಕ್ಟರ್ ಅಲ್ಲಿಂದ ಮುಂದುವರಿಸಬಹುದು. ‘ನೀನು ಯಾವ ದೇಶದವನು’ ಅನ್ನೋದು ಅಲ್ಲಿ ಚಿಕಿತ್ಸೆಗೆ ಅಡ್ಡ ಬರಲಿಲ್ಲ.

1943ರಲ್ಲಿ ಪೆನಿಸಿಲಿನ್ ಇದನ್ನ ವಾಸಿ ಮಾಡುತ್ತೆ ಅಂತ ಗೊತ್ತಾಯ್ತು, ಇವತ್ತಿಗೂ ಅದೇ ಮದ್ದು. ಆದ್ರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ 80 ಲಕ್ಷ ವಯಸ್ಕರಿಗೆ ಹೊಸದಾಗಿ ಸಿಫಿಲಿಸ್ ತಗುಲಿದೆ. ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ನಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ಭಾಗ 5ರಲ್ಲಿ ಕಾಲರಾ.