ಇಕ್ಕೇರಿಯ ಕೋಲಾಟಕ್ಕೆ ಒಂದು ಸಾಕ್ಷ್ಯ

ಜನಪದದ ಆಟಪಾಟಗಳ ಕಾಲನಿರ್ಣಯವು ಕಷ್ಟಸಾಧ್ಯವಾದುದು. ಶಾಸನಕಾರರು ಅವುಗಳ ಗೊಡವೆಗೆ ಹೋದವರಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯ ಕೋಲಾಟದ ಮಟ್ಟಿಗೆ ಮಾತ್ರ ನಮಗೊಂದು ಭಾಗ್ಯವೊದಗಿದೆ. 1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು, ಕೆಳದಿಯ ವೆಂಕಟಪ್ಪನಾಯಕನಲ್ಲಿಗೆ ಗೋವೆಯಿಂದ ಹೊರಟ ಪೋರ್ತುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದು, ಅಲ್ಲಿ ಕಂಡುದನ್ನು ಪತ್ರಗಳಲ್ಲಿ ಬರೆದಿಟ್ಟಿರುವನು.

ಅವನ ಬರಹದ ಸಾರವಿಷ್ಟು: ರೇಷ್ಮೆಯುಟ್ಟ ಕನ್ನೆಯರು ಎಂಟು ಹತ್ತು ಮಂದಿ ಕೂಡಿ ಬೀದಿಯಲ್ಲಿ ಸಾಗುತ್ತಿದ್ದರು. ಎರಡು ಕೈಗಳಲ್ಲಿಯೂ ಬಣ್ಣವಿಟ್ಟ ಗೇಣುದ್ದದ ಕೋಲುಗಳು. ವಾದ್ಯದ ಗತಿಗೆ ಅವನ್ನು ತಟ್ಟುತ್ತ, ಜಾಣೆಯೊಬ್ಬಳು ಒಂದು ನುಡಿ ಹಾಡಲು, ಉಳಿದವರು ‘ಕೋಲೆ’ ಎಂಬ ಮಾತನ್ನು ಏಳೆಂಟು ಸಲ ಹೇಳಿ ಮುಗಿಸುತ್ತಿದ್ದರು. ತಾಯಂದಿರೂ ನಂಟರೂ ಹಿಂಬಾಲಿಸಿದ್ದರು. ಬಳಿಕ ದೊಡ್ಡ ಗುಡಿಯ ಮುಂದಣ ಬಯಲಿನಲ್ಲಿ ಹೊತ್ತು ಮೀರುವವರೆಗೆ ಸುತ್ತುಗಟ್ಟಿ ಕುಣಿತ. ಆ ಗುಡಿ ಅಘೋರೇಶ್ವರನದೇ ಇರಬೇಕು.

‘ಕೋಲೆ’ಯ ಅರ್ಥವು ತನಗೆ ತಿಳಿಯದೆಂದೂ ಸಂತೋಷಸೂಚಕವಿರಬಹುದೆಂದೂ ಅವನು ಬರೆಯುತ್ತಾನೆ. ನಮ್ಮ ಮಕ್ಕಳೂ ಬಲ್ಲ ಪಲ್ಲವಿ ಅದು! ಅರ್ಥವರಿಯದೆ ಕಿವಿಗೆ ಬಿದ್ದಂತೆ ಬರೆದುಕೊಂಡುದರಿಂದಲೇ ಈ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ತಿಳಿದವನಾಗಿದ್ದರೆ ಅನುವಾದಿಸಿ ಮೂಲಶಬ್ದವನ್ನು ಕೈಬಿಡುತ್ತಿದ್ದನೋ ಏನೋ. ಕೋಲಿಲ್ಲದೆ ಹಾಡುವ ಎಷ್ಟೋ ಹಾಡುಗಳಲ್ಲಿ ಇದೇ ಪಲ್ಲವಿ ಇಂದಿಗೂ ಉಳಿದಿರುವುದನ್ನು ವಾಚಕರು ಬಲ್ಲರು.

ಅದು ಮಹಾದೇವನ ಮಡದಿ ಗೌರಿಯ ಹಬ್ಬವೆಂದು ಅವನಿಗೆ ತಿಳಿದುಬಂದಿತು. ಭಾದ್ರಪದದ ಗೌರಿಯನ್ನು ಇಲ್ಲಿ ನೆನೆಯುವಂತಿಲ್ಲ, ತಿಂಗಳು ಹೊಂದದು. ಗಣಿಸಿ ನೋಡಲಾಗಿ ಆ ವರ್ಷದ ಕಾರ್ತಿಕದ ಹುಣ್ಣಿಮೆಯು ನವೆಂಬರ್ 7ರ ಸುಮಾರಿಗೆ ಬೀಳುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಕನ್ನೆಯರು ಸಕ್ಕರೆಯ ಆರತಿ ಬೆಳಗುವ ಗೌರಿಹುಣ್ಣಿಮೆಯೂ ಅದೇ. ಆದುದರಿಂದ ಆ ಹಬ್ಬವು ಅಂದು ಮಲೆನಾಡಿನ ರಾಜಧಾನಿಯಲ್ಲಿಯೂ ನಡೆಯುತ್ತಿತ್ತೆಂದು ಊಹಿಸಬಹುದು.

ಇದಕ್ಕೂ ಹಿಂದಕ್ಕೆ ಹೋಗಬಯಸುವವರು ಹದಿಮೂರನೆಯ ಶತಮಾನದ ‘ಸಂಗೀತರತ್ನಾಕರ’ದ ‘ಕೋಲ್ಹಾಟಿಕ’ನನ್ನು ಹಿಡಿದಾರು. ಶಬ್ದಸಾಮ್ಯಕ್ಕೆ ಮರುಳಾಗಬಾರದು. ಶಾರ್ಙ್ಗದೇವನು ಹೇಳುವವನು ಹಗ್ಗದ ಮೇಲೆ ನಡೆಯುವ, ಚೂರಿ ಹಿಡಿದು ಕುಣಿಯುವ ಸಾಹಸಿ. ನಮ್ಮ ಆಟಕ್ಕೆ ಹೊಂದುವುದು ಜಾಯಸೇನಾಪತಿಯ ‘ನೃತ್ತರತ್ನಾವಳಿ’ಯ ‘ದಂಡರಾಸಕ’. ಶಿಲ್ಪದಲ್ಲಾದರೆ ಹಂಪೆಯ ಮಹಾನವಮಿ ದಿಬ್ಬದ ಕೋಲಾಟದ ಸಾಲುಗಳು.

ಕೋಲಿನ ಸದ್ದನ್ನೇ ತಾಳವಾಗಿಸುವುದು ನಮ್ಮೊಬ್ಬರ ಸೊತ್ತಲ್ಲ. ಮಿಜೋ ಜನರ ಚೆರಾವ್ ಕುಣಿತದಲ್ಲಿ ಗಂಡಸರು ಎದುರುಬದುರು ಕುಳಿತು ನೆಲದ ಮೇಲೆ ಬಿದಿರುಗಳನ್ನು ತಟ್ಟುವರು. ಹೆಂಗಸರು ಅವುಗಳ ನಡುವೆ ಹೆಜ್ಜೆಯಿಡುವರು. ಅಲ್ಲಿ ತಪ್ಪಿದರೆ ಕಾಲಿಗೆ ಪೆಟ್ಟು, ಇಲ್ಲಿ ಬೆರಳಿಗೆ.

ಈ ಸೀಮೆಯಲ್ಲಿ ಈಗ ದೀವರು ಮೊದಲಾದ ಒಕ್ಕಲುಮಕ್ಕಳ ಗಂಡಸರೂ ಕೋಲು ಹಿಡಿಯುತ್ತಾರೆ. ಆ ಕೋಲು ಗೇಣಿಗಿಂತ ಉದ್ದ. ನಡೆಯುತ್ತ ತನ್ನ ಕೋಲುಗಳೆರಡನ್ನೇ ತಟ್ಟಿಕೊಳ್ಳುವವಳಿಗೆ ಗೇಣು ಸಾಕು. ಎದುರಿನವನ ಕೋಲಿಗೆ ತಾಗಿಸಬೇಕಾದವನಿಗೆ ಸಾಲದು. ಇಕ್ಕೇರಿಯ ಬೀದಿಯಲ್ಲಿ ಕಂಡದ್ದು ಮೊದಲನೆಯ ಬಗೆಯೆಂದು ಕೋಲಿನ ಅಳತೆಯಿಂದಲೇ ತೋರುತ್ತದೆ.